ಕಾಲರ್ ಸವೆದಿದೆ, ಮೊಣಕೈ ಸವೆದಿಲ್ಲ

ಸೋಮವಾರ ಬೆಳಿಗ್ಗೆ ಬಕೆಟ್ಟಿನ ಮುಂದೆ ಕೂತು ಅಂಗಿಗಳ ಕಾಲರಿಗೆ ಸೋಪು ತಿಕ್ಕುತ್ತಿದ್ದೆ. ಆರು ಮುಗಿದು ಏಳನೆಯದು ಕೈಯಲ್ಲಿತ್ತು, ಅಷ್ಟರಲ್ಲಿ ಅಂಗಡಿಯ ಬಾಗಿಲಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು. ನಮ್ಮದು ಲಾಂಡ್ರಿ. ಮುಂದೆ ಅಂಗಡಿ, ಹಿಂದೆ ಒಗೆಯುವ ಜಾಗ, ಮೇಲೆ ಎರಡು ಕೋಣೆಯ ಮನೆ. ಎಂಟು ಗಂಟೆಗೆ ಮುಂಚೆ ಬರುವವರು ಒಂದೋ ಅಂಗಿ ಸುಟ್ಟಿದೆ ಎಂದು ಬರುತ್ತಾರೆ, ಇಲ್ಲವೇ ಗುಂಡಿ ಕಳೆದಿದೆ ಎಂದು. ನೊರೆಗೈಯನ್ನು ಟವೆಲ್ಲಿಗೆ ಒರೆಸಿಕೊಂಡು ಹೋದೆ.

ಉದ್ದನೆಯ ಮನುಷ್ಯ. ಕನ್ನಡಕ ಹಣೆಯ ಮೇಲಿತ್ತು. ಬೆರಳ ತುದಿಯಲ್ಲಿ ಪಿನ್ನು ಚುಚ್ಚಿದ ಒಂದು ಚೀಟಿ.

"ಇದು ನನ್ನ ಅಂಗಿ ಒಳಗಿತ್ತು ಕಣಮ್ಮ. ಕುತ್ತಿಗೆಗೆ ಚುಚ್ಚಿತು."

ಚೀಟಿ ನಮ್ಮದೇ. ನಾವು ಗಂಟುಗಳಿಗೆ ನಂಬರು ಹಾಕುವುದಿಲ್ಲ. ಹಿಂದೆ ಹಾಕುತ್ತಿದ್ದೆವು. ಆರು ಒಂಬತ್ತಾಗಿ, ಒಬ್ಬರ ಪ್ಯಾಂಟು ಇನ್ನೊಬ್ಬರ ಮನೆ ಸೇರಿ, ಅವರು ಅದನ್ನೇ ತೊಟ್ಟುಕೊಂಡು ಬಂದು 'ನನ್ನ ಪ್ಯಾಂಟು ಎಲ್ಲಿ' ಎಂದು ನಮ್ಮ ಮೇಲೇ ಹಾರಾಡಿದ ಮೇಲೆ, ಬಟ್ಟೆಯ ಗುರುತನ್ನೇ ಚೀಟಿಯಲ್ಲಿ ಬರೆದು ಚುಚ್ಚುವ ರೂಢಿ ಮಾಡಿಕೊಂಡೆವು. 'ನೀಲಿ ಗೆರೆ, ಒಂದು ಗುಂಡಿ ಬೇರೆ' ಎಂದು ಎರಡು ಪದ ಬರೆದು ನಾನು ಕೈ ತೊಳೆದುಕೊಳ್ಳುತ್ತಿದ್ದೆ. ಆಮೇಲೆ ಆ ಕೆಲಸ ಮಗಳ ಕೈಗೆ ಹೋಯಿತು. ಅವಳ ಚೀಟಿಗಳು ಉದ್ದವಾಗುತ್ತ ಹೋದವು. ಬಟ್ಟೆ ಕೊಡುವಾಗ ಚೀಟಿ ಕಿತ್ತುಹಾಕುವುದು ನನ್ನ ಪಾಲಿನ ಕೆಲಸ. ಆ ಗಂಟಿನಲ್ಲಿ ಮರೆತಿದ್ದೆ.

ಅವರು ಕನ್ನಡಕ ಇಳಿಸಿ ಓದಿದರು: "'ಕಾಲರ್ ಸವೆದಿದೆ, ಮೊಣಕೈ ಸವೆದಿಲ್ಲ. ತಲೆ ಆಡಿಸುತ್ತಾರೆ, ಮೇಜಿಗೆ ಒರಗುವುದಿಲ್ಲ.' ಇದನ್ನ ಬರೆದೋರು ಯಾರು?"

"ತಪ್ಪಾಯ್ತು ಸಾರ್. ನಮ್ಮ ಗುರುತಿಗೆ ಅಂತ ಬರ್ಕೊಂಡಿದ್ದು..."

"ತಪ್ಪು ಹುಡುಕೋಕೆ ಬಂದಿಲ್ಲಮ್ಮ. ಇಪ್ಪತ್ತು ವರ್ಷದಿಂದ ಕಾಲೇಜಲ್ಲಿ ಪಾಠ ಮಾಡ್ತಿದೀನಿ. ನಾನು ಹೀಗೆ ತಲೆ ಆಡಿಸ್ತೀನಿ ಅಂತ ನನ್ನ ಹೆಂಡ್ತೀನೂ ಹೇಳಿರ್ಲಿಲ್ಲ."

ಹೇಳುತ್ತಲೇ ತಲೆ ಆಡಿಸಿದರು. ನನಗೆ ನಗು ಬಂತು, ತಡೆದುಕೊಂಡೆ. ಹಿಂದೆ ಒಣಹಾಕಿದ್ದ ದೊಡ್ಡ ಹಾಸಿಗೆಬಟ್ಟೆಯ ಕೆಳಗೆ ಎರಡು ಪಾದ ಕಾಣಿಸುತ್ತಿದ್ದವು. ನನ್ನ ಮಗಳವು.

ನನ್ನ ಮಗಳಿಗೆ ಮಾತು ಕಡಿಮೆ. ಚಿಕ್ಕವಳಿದ್ದಾಗ ಡಾಕ್ಟರ ಹತ್ತಿರ ಹೋದರೆ ಎಲ್ಲಿ ನೋವೆಂದು ನನ್ನ ಕಿವಿಯಲ್ಲಿ ಪಿಸುಗುಟ್ಟುವಳು, ನಾನು ಅವರಿಗೆ ಹೇಳಬೇಕು. ಅಂಗಡಿಯಲ್ಲಿ ಪೆನ್ನು ಬೇಕಾದರೆ ಬೆರಳು ತೋರಿಸಿ ತರುವಳು. ಫೋನ್ ಬಂದರೆ ಬಿಸಿ ಕೆಂಡ ಹಿಡಿದವರ ಹಾಗೆ ನನ್ನ ಕೈಗೆ ದಾಟಿಸುವಳು. ಕಾಲೇಜಿನಲ್ಲಿ ಬರವಣಿಗೆಯ ಕೋರ್ಸು ತೆಗೆದುಕೊಂಡಿದ್ದೂ ಅದಕ್ಕೇ. ಅಲ್ಲಿ ಬಾಯಿ ಬಿಡಬೇಕಾಗಿಲ್ಲ ಎಂದುಕೊಂಡಿದ್ದಳು.

"ಬಾ ಈಚೆ," ಎಂದು ಕರೆದೆ. ಬಂದಳು. ಮೇಷ್ಟ್ರು ಅವಳನ್ನು ನೋಡಿ ಒಂದು ಹೆಜ್ಜೆ ಹಿಂದೆ ಸರಿದರು.

"ನೀನಾ? ಕೊನೇ ಬೆಂಚು, ಕಿಟಕಿ ಪಕ್ಕ?"

ತಲೆಯಾಡಿಸಿದಳು.

"'ಮುಂಜಾನೆಯ ಹೊಂಬಿಸಿಲು ಭೂರಮೆಯನ್ನು ಆಲಿಂಗಿಸಿತು' ಅಂತ ಬರೆದೋಳು ನೀನೇ ತಾನೇ?"

ಮತ್ತೆ ತಲೆಯಾಡಿಸಿದಳು.

"ಭೂರಮೇನ ನೋಡಿದೀಯಾ?"

ಇಲ್ಲವೆಂದು ತಲೆ.

"ನನ್ನ ಮೊಣಕೈ?"

"ಅಂಗಿ ನೋಡಿದೀನಿ ಸಾರ್," ಎಂದಳು. ಬಕೆಟ್ಟಿಗೆ ಬೀಳುತ್ತಿದ್ದ ನಲ್ಲಿಯ ಸದ್ದಿನಲ್ಲಿ ಅದು ಅವರಿಗೆ ಕೇಳಿಸಿತೋ ಇಲ್ಲವೋ. ಗಂಟು ತರುವುದು ಅವರ ಮನೆಕೆಲಸದವಳಾದ್ದರಿಂದ ಅದು ಮೇಷ್ಟ್ರ ಅಂಗಿ ಎಂದು ಇವಳಿಗೂ ಗೊತ್ತಿರಲಿಲ್ಲ.

ಆಮೇಲೆ ಅವರು ಹೇಳಿದ ಮಾತಿನಿಂದ ನನಗೆ ಗೊತ್ತಿಲ್ಲದ ಒಂದು ಸಂಗತಿ ಗೊತ್ತಾಯಿತು. ಹದಿನೆಂಟು ಜನರ ತರಗತಿಯಲ್ಲಿ ಅರ್ಧ ವರ್ಷದ ನಂತರ ಎಂಟೇ ಜನ ಮುಂದುವರಿಯುತ್ತಾರೆ. ಹಿಂದಿನ ಶುಕ್ರವಾರ ಅವರು ನನ್ನ ಮಗಳಿಗೆ, ನೀನು ಬೇರೆ ವಿಷಯ ತೆಗೆದುಕೊಳ್ಳುವುದು ಒಳ್ಳೆಯದು ಎಂದಿದ್ದರಂತೆ. ಎರಡು ದಿನ ಅವಳು ಹಬೆ ಹಬೆ ಎನ್ನುತ್ತ ಕಣ್ಣು ಒರೆಸಿಕೊಂಡಿದ್ದು ನೆನಪಾಯಿತು. ಅದೇ ಹಬೆಯಲ್ಲಿ ನಾನೂ ನಿಂತಿದ್ದೆ, ನನ್ನ ಕಣ್ಣು ಸರಿಯಾಗೇ ಇದ್ದವು.

"ಶುಕ್ರವಾರದ ಮಾತು ವಾಪಸ್ ತಗೊಂಡೆ," ಎಂದರು ಮೇಷ್ಟ್ರು. "ಮೂರು ಬರಹ ಕೊಡು. ಆಮೇಲೆ ನೋಡೋಣ. ಆದ್ರೆ ಭೂರಮೆ ಬೇಡ, ಈ ಚೀಟಿ ಬರೆದೋಳು ಬೇಕು." ಚೀಟಿಯನ್ನು ಜೇಬಿಗಿಟ್ಟುಕೊಂಡು ಹೋದರು.

ಮೊದಲ ಬರಹ ಆರು ಪುಟವಿತ್ತು. ನೆಲಕ್ಕೆ ಕಲ್ಲು ಹಾಸುವವನೊಬ್ಬನ ಪ್ಯಾಂಟಿನ ಬಗ್ಗೆ. ಮೆಷಿನ್ನು ತಿರುಗುತ್ತಿರುವಾಗ ಓದಿ ನೋಡು ಎಂದು ನನ್ನ ಮಡಿಲಿಗೆ ಹಾಕಿದಳು. ನಾನು ಓದಿದವಳೇನಲ್ಲ. ಆದರೂ ಬಟ್ಟೆಯ ವಿಷಯವಾದ್ದರಿಂದ ಧೈರ್ಯ ಮಾಡಿದೆ.

"ಈ 'ವಿಷಾದದ ಛಾಯೆ' ಅಂದ್ಯಲ್ಲ ಕಂದ, ಅದು ಪ್ಯಾಂಟಲ್ಲಿ ಎಲ್ಲಿರುತ್ತೆ? ಮಂಡೀಲಾ, ಜೇಬಲ್ಲಾ?"

ಕಿತ್ತುಕೊಂಡಳು. ಸಿಟ್ಟು ಬಂದಿತ್ತು. ಆದರೆ ಸಂಜೆ ಮತ್ತೆ ಕೊಟ್ಟಾಗ ಒಂದೂವರೆ ಪುಟ ಉಳಿದಿತ್ತು. ಎರಡೂ ಮಂಡಿ ತೇಪೆ ಹಾಕಿ, ತೇಪೆಯ ಮೇಲೆ ತೇಪೆ ಹಾಕಿ, ಹಿಂಭಾಗ ಮಾತ್ರ ಹೊಸದರ ಹಾಗಿರುವ ಪ್ಯಾಂಟು. 'ಈ ಮನುಷ್ಯ ಕೂತು ಎಷ್ಟು ದಿನವಾಯಿತೋ' ಎಂದು ಮುಗಿಸಿದ್ದಳು. ಆ ಪ್ಯಾಂಟನ್ನು ಹತ್ತು ಸಲ ಒಗೆದಿದ್ದೇನೆ, ನನಗೆ ಒಂದು ಸಲವೂ ಹಾಗೆ ಹೊಳೆದಿರಲಿಲ್ಲ. ಕಾಗದ ಒದ್ದೆಯಾಗದಿರಲಿ ಎಂದು ದೂರ ಹಿಡಿದುಕೊಂಡೇ ಎರಡನೇ ಸಲ ಓದಿದೆ.

ಎರಡನೆಯದು, ಸಣ್ಣ ಮಗುವಿನ ಅಂಗಿಗೆ ಅಂಟಿದ ಬಣ್ಣಗಳ ಬಗ್ಗೆ. ಅದನ್ನು ಮೇಷ್ಟ್ರು ತರಗತಿಯಲ್ಲಿ ಗಟ್ಟಿಯಾಗಿ ಓದಿದರಂತೆ. ಅವತ್ತು ಮೆಟ್ಟಿಲನ್ನು ಎರಡೆರಡಾಗಿ ಹತ್ತಿ ಬಂದಳು.

"ನಕ್ಕರು ಅಮ್ಮಾ! ನಗಬೇಕಾದ ಕಡೇನೇ ನಕ್ಕರು! ಆಮೇಲೆ ಸುಮ್ಮನಾದರು. ಸುಮ್ಮನಾಗಬೇಕು ಅಂತ ನಾನು ಅಂದ್ಕೊಂಡಿದ್ದ ಕಡೇನೇ!"

"ಉಸಿರು ತಗೊಳ್ಳೇ ಮೊದಲು," ಎಂದರು ಇಸ್ತ್ರಿ ಮಾಡುತ್ತಿದ್ದ ಅವರಪ್ಪ. "ಒಂದು ವರ್ಷದ ಮಾತು ಒಂದೇ ಸಲಕ್ಕೆ ಖರ್ಚು ಮಾಡ್ತಿದೀಯ."

ಪಕ್ಕದಲ್ಲಿ ಕೂರುವ ಹುಡುಗಿ, ಆ ಲಾಂಡ್ರಿ ನಿಮ್ಮದೇನಾ ಎಂದು ಕೇಳಿದಳಂತೆ. ಮನೆ ಮಾರ್ಕೆಟ್ಟಿನ ಕಡೆ ಎಂದಷ್ಟೇ ಅಲ್ಲಿಯವರೆಗೆ ಹೇಳಿಕೊಂಡಿದ್ದಳು. ಈಗ ಹೌದೆಂದು ತಲೆಯಾಡಿಸಿ ಬಂದಿದ್ದಳು. ನಾನು ಒಳಗೆ ಹೋಗಿ ಸುಮ್ಮನೆ ಒಂದು ಬಕೆಟ್ ನೀರು ತುಂಬಿಸಿದೆ. ಆಗ ನೀರು ಬೇಕಿರಲಿಲ್ಲ.

ಮೂರನೆಯದಕ್ಕೆ ಸಿಕ್ಕಿಹಾಕಿಕೊಂಡಳು. ಆರಿಸಿಕೊಂಡಿದ್ದು ಬಿಳಿ ಅಂಗಿ ತಾತನನ್ನು. ಪ್ರತಿ ಬುಧವಾರ ಹತ್ತು ಗಂಟೆಗೆ ಒಂದೇ ಒಂದು ಬಿಳಿ ಅಂಗಿ ತರುವ ಮುದುಕರು. ಅಂಗಿ ಒಗೆದೇ ಇರುತ್ತದೆ. ಬಿಸಿಲಿಗೆ ಒಣಗಿದ ವಾಸನೆಯೂ ಇರುತ್ತದೆ. ಕಾಲರಿನಲ್ಲಿ ಒಂದು ಗೆರೆ ಕೊಳೆಯಿಲ್ಲ. "ಒಗೀರಿ" ಎಂದು ಕೊಟ್ಟು ಹೋಗುತ್ತಾರೆ. ಒಗೆದದ್ದನ್ನು ಮತ್ತೆ ಒಗೆಯುವಾಗ ನನಗೆ ಕಳ್ಳತನ ಮಾಡಿದ ಹಾಗಾಗುತ್ತದೆ. ಆದರೆ ಗಿರಾಕಿಯನ್ನು ಯಾಕೆ ಎಂದು ಕೇಳುವುದುಂಟೇ?

ಮೊದಲ ಪುಟ ಸೊಗಸಾಗಿತ್ತು. ಅವರು ಅಂಗಿಯನ್ನು ಕೊಡುವಾಗ ಎರಡೂ ಕೈಯಲ್ಲಿ ಹಿಡಿದುಕೊಳ್ಳುವುದು, ಅಂಗಿಯ ತೋಳುಗಳನ್ನು ಅಂಗಡಿಯವರ ಹಾಗೆ ಹಿಂದಕ್ಕೆ ಮಡಚದೆ ಎದೆಯ ಮೇಲೆ ಮಡಚಿರುವುದು. ಅದಾದ ಮೇಲೆ ಯಾಕೆ ಎಂಬುದು ಬರಬೇಕಲ್ಲ, ಅಲ್ಲಿ ಅವಳು ಕಥೆ ಕಟ್ಟಿದಳು. ಒಂದರಲ್ಲಿ ಅವರ ಹೆಂಡತಿ ಜ್ವರದಲ್ಲಿ ಹೋದಳು. ಇನ್ನೊಂದರಲ್ಲಿ ನೀರಿಗೆ ಜಾರಿದಳು. ಮತ್ತೊಂದರಲ್ಲಿ ಮದುವೆಯ ವಾರದಲ್ಲೇ.

ಅವರಪ್ಪ ಮೂರನ್ನೂ ಓದಿ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟರು. "ಪಾಪ, ಆಯಮ್ಮನ್ನ ಮೂರು ಸಲ ಸಾಯಿಸಿದ್ದೀಯಲ್ಲೇ! ಮನೇಲಿ ಗುಂಡುಕಲ್ಲಿನ ಹಾಗೆ ಕೂತಿದ್ರೆ?"

ನಾವಿಬ್ಬರೂ ನಕ್ಕೆವು, ಅವಳು ನಗಲಿಲ್ಲ. ಮೇಷ್ಟ್ರು ವಾಪಸ್ ಕೊಟ್ಟ ಹಾಳೆಯ ತುದಿಯಲ್ಲಿ ಹೀಗೆ ಬರೆದಿತ್ತು: 'ಮೊದಲ ಪುಟದಿಂದಲೇ ನಿನ್ನ ಜಾಗ ಗಟ್ಟಿಯಾಯಿತು, ಎಂಟರಲ್ಲಿ ನೀನೊಬ್ಬಳು. ಎರಡನೆಯ ಪುಟ ನೀನು ಬರೆದದ್ದಲ್ಲ, ನಿನ್ನ ಹೆದರಿಕೆ ಬರೆದದ್ದು. ವರ್ಷದ ಕೊನೆಗೆ ಅಚ್ಚಾಗುವ ಪುಸ್ತಕಕ್ಕೆ ಇದು ಬೇಕು. ಗುರುವಾರದೊಳಗೆ ಅವರನ್ನು ಕೇಳಿ ಬರೆ.'

ಎಂಟರಲ್ಲಿ ಒಬ್ಬಳು! ನಾನು ಕುಣಿಯುವುದೊಂದು ಬಾಕಿ. ಅವಳ ಕಣ್ಣು ಮಾತ್ರ ಕೊನೆಯ ಸಾಲಿನ ಮೇಲೇ ಇತ್ತು.

"ನೀನು ಕೇಳ್ತೀಯಾ ಅಮ್ಮ? ನೀನು ಕೇಳಿದ್ರೆ ಹೇಳ್ತಾರೆ."

ಬಾಯಿಯವರೆಗೆ ಹೂಂ ಎಂದು ಬಂದಿತ್ತು. ಇಷ್ಟು ವರ್ಷ ಅವಳ ಹೊಟ್ಟೆನೋವು, ಅವಳ ಫೀಸು, ಅವಳ ಅಳತೆ, ಎಲ್ಲವನ್ನೂ ನಾನೇ ಹೇಳಿದ್ದೇನೆ. ಇನ್ನೊಂದು ಮಾತು ಭಾರವಲ್ಲ.

"ನಾನು ಕೇಳಿದ್ರೆ ನನಗೆ ಹೇಳಿದ ಹಾಗಾಗುತ್ತೆ ಕಂದ," ಎಂದೆ.

"ಚೀಟೀಲಿ ಬರ್ದು ಅಂಗಿಗೆ ಚುಚ್ಚಿದ್ರೆ?"

"ಕುತ್ತಿಗೆಗೆ ಚುಚ್ಚುತ್ತೆ."

ಬುಧವಾರ ಅವಳು ಕಾಲೇಜಿಗೆ ಹೋಗಲಿಲ್ಲ. ಒಂಬತ್ತಕ್ಕೇ ಕೌಂಟರಿನ ಹಿಂದೆ ನಿಂತಳು. ಪೆನ್ನು ಕೈಯಲ್ಲಿ ಹಿಡಿದಳು, ಇಟ್ಟಳು, ಮತ್ತೆ ಹಿಡಿದಳು. ಅವರಪ್ಪ ಹತ್ತು ನಿಮಿಷದಿಂದ ಒಂದೇ ದಿಂಬಿನ ಚೀಲಕ್ಕೆ ಇಸ್ತ್ರಿ ಹಾಕುತ್ತಿದ್ದರು. ನಾನು ಒಳಬಾಗಿಲಲ್ಲಿ ಕೂತು ಗುಂಡಿ ಹೊಲಿಯುವ ನೆಪ ಮಾಡಿಕೊಂಡಿದ್ದೆ.

ತಾತ ಬಂದರು. ಎರಡೂ ಕೈಯಲ್ಲಿ ಅಂಗಿಯನ್ನು ಕೌಂಟರಿನ ಮೇಲಿಟ್ಟರು. "ಒಗೀರಿ," ಎಂದರು.

ಮಗಳು ಅಂಗಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತುಟಿ ಅಲ್ಲಾಡಿತು, ಸದ್ದು ಬರಲಿಲ್ಲ. ತಾತ ಹೊರಳಿ ಒಂದು ಮೆಟ್ಟಿಲು ಇಳಿದರು. ನಾನು ಏಳಲು ಹೋದೆ. ಬಾಯಿ ತೆರೆದೂ ಆಗಿತ್ತು. ಅವರಪ್ಪ ಇಸ್ತ್ರಿ ಪೆಟ್ಟಿಗೆ ಬಿಟ್ಟು ನನ್ನ ಭುಜದ ಮೇಲೆ ಕೈಯಿಟ್ಟರು. ದಾರ ಹಲ್ಲಿಗೆ ಸಿಕ್ಕಿಸಿಕೊಂಡು ಕೂತೆ.

ಅವಳು ಕೌಂಟರಿನ ಹಲಗೆ ಎತ್ತಿ ಹೊರಗೆ ಬಂದಳು. ಅಂಗಿ ಅವಳ ಎರಡೂ ಕೈಯಲ್ಲಿತ್ತು. ಬಾಗಿಲಲ್ಲಿ ನಿಂತು, ಬೀದಿಯ ಗಾಡಿಗಳ ಸದ್ದನ್ನು ಮೀರಿಸಿ, ಆಚೆ ಅಂಗಡಿಯವರೂ ತಿರುಗಿ ನೋಡುವ ಹಾಗೆ ಕೂಗಿ ಕರೆದಳು.

"ತಾತಾ! ಒಂದು ನಿಮಿಷ ನಿಲ್ಲಿ. ಒಗೆದಿರೋ ಅಂಗೀನೇ ಯಾಕೆ ತರ್ತೀರಿ ನೀವು?"