ಮುಚ್ಚಿದ ತೂಬು, ಸತ್ತ ಮೀನು

ತಂಗಿಯ ಮದುವೆಯಾದ ವರ್ಷ ಅಣ್ಣ ಒಂದು ಮಾತು ಕೊಟ್ಟಿದ್ದ. "ಮೇಲಿನ ಕೊಳ ನಂದು, ಕೆಳಗಿನದು ನಿಂದು. ನೀರು ಮಾತ್ರ ಇಬ್ಬರದೂ. ನಾನಿರೋವರೆಗೂ ತೂಬು ಮುಚ್ಚಲ್ಲ ಕಣೇ."

ಹದಿನೆಂಟು ವರ್ಷ ಹಾಗೇ ನಡೆಯಿತು. ಕಾಲುವೆಯ ನೀರು ಅಣ್ಣನ ಕೊಳಕ್ಕೆ ಬಂದು, ತೂಬಿನಿಂದ ಇಳಿದು ತಂಗಿಯ ಕೊಳ ಸೇರುತ್ತಿತ್ತು. ಇಬ್ಬರೂ ಮೀನು ಸಾಕಿ ಬದುಕುವವರು.

ಈ ಬೇಸಿಗೆಯಲ್ಲಿ ಒಂದು ಮುಂಜಾನೆ ಅಣ್ಣನ ಕೊಳದಲ್ಲಿ ನಾಲ್ಕು ದೊಡ್ಡ ಮೀನು ಹೊಟ್ಟೆ ಮೇಲಾಗಿ ತೇಲಿದವು. ಮರುದಿನ ಒಂಬತ್ತು. ಸಂಜೆ ಚೆನ್ನಾಗಿ ಓಡಾಡಿಕೊಂಡಿದ್ದ ಮೀನು ಬೆಳಗಾಗುವಷ್ಟರಲ್ಲಿ ಸತ್ತಿರುತ್ತಿತ್ತು.

"ಯಾರೋ ಕದ್ದು ಬಂದು ವಿಷ ಹಾಕ್ತಿದಾರೆ," ಅಂದ ಅಣ್ಣ.

"ನಾವ್ಯಾರಿಗೆ ಏನು ಕೇಡು ಮಾಡಿದೀವಿ ರೀ?" ಅಂದಳು ಹೆಂಡತಿ.

ತೂಬಿನ ಬಳಿ ಕೆಸರಲ್ಲಿ ಚಪ್ಪಲಿಯ ಗುರುತು ಮೂಡಿತ್ತು. ಎಡಗಾಲಿನ ಹಿಮ್ಮಡಿ ಸವೆದ ಚಪ್ಪಲಿ. ಅದು ತಂಗಿಯದೆಂದು ಅಣ್ಣನಿಗೆ ನೋಡಿದ ಕೂಡಲೇ ಗೊತ್ತಾಯಿತು. ಅವಳನ್ನು ಕೇಳಲಿಲ್ಲ. ಹೆಂಡತಿಗೂ ಹೇಳಲಿಲ್ಲ.

ಅಡಗಲು ಜಾಗ ಇರಬಾರದೆಂದು ದಡದ ಮರಗಳನ್ನೆಲ್ಲ ಕಡಿಸಿದ. ತಂಗಿಯ ಕೊಳಕ್ಕೆ ನೀರು ಹೋಗದಂತೆ ತೂಬಿಗೆ ಮಣ್ಣಿನ ಚೀಲ ಒಟ್ಟಿದ. ಕೊಳ ತುಂಬಿ ನಿಂತಿತು. ಕಾಲುವೆಯಿಂದ ಹೊಸ ನೀರು ಬರುವುದೂ ನಿಂತಿತು. ಉಳಿದ ಮೀನು ಬೇಗ ಬಲಿತರೆ ಮಾರಿಬಿಡಬಹುದೆಂದು ದಿನಕ್ಕೆ ಎರಡು ಬುಟ್ಟಿ ಮೇವು ಹೆಚ್ಚಿಗೆ ಸುರಿದ. ತೂಬು ಮುಚ್ಚಿದ ಹನ್ನೆರಡನೇ ದಿನ ನಲವತ್ತು ಮೀನು ತೇಲಿದವು.

ತಾಳಲಾರದೆ ಹೆಂಡತಿ ಮೀನುಗಾರಿಕೆ ಕಚೇರಿಗೆ ಫೋನ್ ಮಾಡಿ ನಡೆದದ್ದನ್ನೆಲ್ಲ ಹೇಳಿದಳು. ನೀರು ಪರೀಕ್ಷಿಸುವ ಹೆಂಗಸು ಮರುದಿನ ಬೆಳಕು ಹರಿಯುವ ಮೊದಲೇ ಬಂದರು.

"ಯಾವ ವಿಷ ಅಂತ ಬರೆದುಕೊಡಿ ಮೇಡಂ, ಸಾಕು. ಯಾರು ಹಾಕಿದ್ದು ಅಂತ ನಂಗೊತ್ತು," ಅಂದ ಅಣ್ಣ.

"ಎಲ್ಲಾ ನಿಮಗೇ ಗೊತ್ತಿದ್ರೆ ನನ್ನ ನಿದ್ದೆ ಯಾಕೆ ಕೆಡಿಸಿದ್ರಿ?" ಅನ್ನುತ್ತ ಅವರು ದಡದಲ್ಲಿ ಕುಕ್ಕರುಗಾಲಲ್ಲಿ ಕೂತರು. ದೊಡ್ಡ ಮೀನುಗಳು ನೀರಿನ ಮೇಲ್ಮೈಗೆ ಬಂದು ಬಾಯಿ ತೆರೆದು ತೇಕುತ್ತಿದ್ದವು.

"ಇಲ್ನೋಡಿ. ಕಪ್ಪೆ ಬದುಕಿದೆ. ಬಸವನಹುಳ ಬದುಕಿದೆ. ಮರಿಮೀನೂ ಬದುಕಿವೆ. ದೊಡ್ಡ ಮೀನನ್ನೇ ಆರಿಸಿ ಕೊಲ್ಲೋ ಜಾಣ ವಿಷ ಯಾವ ಅಂಗಡೀಲಿ ಸಿಗುತ್ತೆ ಯಜಮಾನ್ರೇ?"

"ನನ್ನ ತಂಗಿ ನಿಮ್ಮನ್ನ ಕಳಿಸಿದ್ಳಾ?"

"ನಿಮ್ಮ ತಂಗಿ ಯಾರಂತ್ಲೇ ನಂಗೊತ್ತಿಲ್ಲ. ಕೇಳಿ. ಮೀನು ಉಸಿರಾಡೋದು ನೀರಲ್ಲಿ ಕರಗಿರೋ ಗಾಳೀನ. ನೀರು ಕಾದಷ್ಟೂ ಆ ಗಾಳಿ ಕಮ್ಮಿ. ನೆರಳು ಕೊಡ್ತಿದ್ದ ಮರ ಕಡಿದ್ರಿ, ನೀರು ಕಾಯ್ತು. ಹರಿವು ನಿಲ್ಲಿಸಿದ್ರಿ. ತಿಂದು ಮಿಕ್ಕ ಮೇವು ತಳದಲ್ಲಿ ಕೊಳೀತು, ಪಾಚಿ ಹಬ್ಬಿತು. ಪಾಚಿ ಹಗಲಲ್ಲಿ ಗಾಳಿ ಕೊಡುತ್ತೆ, ಕತ್ತಲಾದ್ಮೇಲೆ ತಾನೂ ಉಸಿರಾಡಿ ಖಾಲಿ ಮಾಡುತ್ತೆ. ಅದಕ್ಕೇ ಸಾವು ಮುಂಜಾನೆ. ದೊಡ್ಡ ಮೀನಿಗೆ ಗಾಳಿ ಜಾಸ್ತಿ ಬೇಕು, ಅದೇ ಮೊದಲು ಹೋಗುತ್ತೆ."

"ಮರ ಇದ್ದಾಗ್ಲೂ ಸತ್ತವಲ್ಲ?"

"ಆಗ ಸತ್ತಿದ್ದು ಹದಿಮೂರು. ಬಿಸಿಲು ಜಾಸ್ತಿ, ಮೀನೂ ಜಾಸ್ತಿ ಬಿಟ್ಟಿದ್ರಿ. ಆಮೇಲಿನ ಸಾವಿಗೆ ನಿಮ್ಮ ಕೈಯೂ ಸೇರ್ತು."

"ಹಾಗಾದ್ರೆ ಇಲ್ಲಿ ಅವಳ ಹೆಜ್ಜೆ ಯಾಕಿತ್ತು?"

"ತೂಬಿನ ಜಾಲರಿಗೆ ಸಿಕ್ಕಿದ ಎಲೆ ತೆಗೀತಿದ್ದೆ," ಎಂಬ ದನಿ ಕೆಳಗಿನ ದಡದಿಂದ ಬಂತು. ತಂಗಿ ನಿಂತಿದ್ದಳು. "ನಿನ್ನೆ ಮೊನ್ನೆಯಿಂದಲ್ಲ, ಹದಿನೆಂಟು ವರ್ಷದಿಂದ. ನೀನು ಏಳೋದು ತಡ, ನೋಡಿಲ್ಲ. ಒಂದ್ಮಾತು ಕೇಳಬಾರದಿತ್ತಾ ಅಣ್ಣಾ?"

ಅಣ್ಣ ನೀರಿಗಿಳಿದು ಚೀಲಗಳನ್ನು ಕಿತ್ತೆಸೆದ. ಆ ದಿನದಿಂದ ಮೇವು ಅಳತೆಗೆ ಬಂತು. ಹೆಂಡತಿ ದಡದುದ್ದಕ್ಕೂ ಸಸಿ ನೆಟ್ಟಳು. ವಾರದೊಳಗೆ ಅವರ ಕೊಳದಲ್ಲಿ ಸಾವು ನಿಂತಿತು.

ಓದುತ್ತಿರುವವರೇ, ಕೊಳವೆಂದರೆ ಬರೀ ಮೀನಲ್ಲ. ಬಿಸಿಲು, ನೆರಳು, ಗಾಳಿ, ಹರಿವು, ಪಾಚಿ, ಕಪ್ಪೆ ಎಲ್ಲ ಸೇರಿದರೇ ಕೊಳ. ಒಂದನ್ನು ಎಳೆದರೆ ಇನ್ನೊಂದು ಅಲುಗುತ್ತದೆ. ಮುಂಜಾನೆ ಮೀನು ಬಾಯಿ ತೆರೆದು ತೇಕುವುದು ಕಂಡರೆ ಮೇವು ನಿಲ್ಲಿಸಿ, ಹೊಸ ನೀರು ಹಾಯಿಸಿ, ನೀರಿನ ಪರೀಕ್ಷೆ ಮಾಡಿಸಿ. ದಡದ ಮರಕ್ಕೆ ಕೊಡಲಿ ಹಾಕಬೇಡಿ. ಅನುಮಾನ ಬಂದರೆ ಮೊದಲು ನೀರನ್ನು ನೋಡಿ, ಮನುಷ್ಯರನ್ನಲ್ಲ.

ತೂಬು ತೆರೆಯುವ ಹೊತ್ತಿಗೆ ತಂಗಿಯ ಕೊಳದಲ್ಲಿ ಮೊಣಕಾಲುದ್ದ ನೀರಷ್ಟೇ ಉಳಿದಿತ್ತು. ಅವಳ ಮೀನು ಒಂದೂ ಬದುಕಲಿಲ್ಲ. ಅಣ್ಣ ಕೊಟ್ಟ ಮಾತು ಮುರಿದಿತ್ತು.