ಪೋಲೆಂಡಿನ ಗುರು

ನಮ್ಮ ಫೋಟೋ ಕೂಟಕ್ಕೆ ಒಂದು ಕಟ್ಟಳೆಯಿದೆ. ತಿಂಗಳ ಎರಡನೇ ಭಾನುವಾರ ಶಿರಸಿಯ ಝೆರಾಕ್ಸ್ ಅಂಗಡಿಯ ಮೇಲಿನ ಕೋಣೆಗೆ ಪ್ರತಿಯೊಬ್ಬರೂ ತಾವು ತೆಗೆದ ಒಂದು ಚಿತ್ರವನ್ನು ಪ್ರಿಂಟ್ ಹಾಕಿಸಿ ತಂದು, ಹಗ್ಗಕ್ಕೆ ಕ್ಲಿಪ್ಪಿನಿಂದ ಸಿಕ್ಕಿಸಬೇಕು. ಆಮೇಲೆ, ಹೀಗೆ ನೋಡುವುದನ್ನು ಯಾರಿಂದ ಕಲಿತೆವು ಎಂದು ಹೇಳಬೇಕು. ಗುರುವಿನ ಹೆಸರು ಹೇಳದೆ ಚಿತ್ರ ಇಳಿಸುವಂತಿಲ್ಲ. ಎಲ್ಲರೂ ಹವ್ಯಾಸಿಗಳೇ, ಆದರೆ ಗತ್ತಿಗೇನೂ ಕಡಿಮೆಯಿಲ್ಲ.

ಎರಡು ವರ್ಷದ ಹಿಂದೆ ನಾನು ಮೊದಲ ಸಲ ಹೋದಾಗ ಒಬ್ಬೊಬ್ಬರ ಬಾಯಲ್ಲೂ ಫ್ರಾನ್ಸು, ಅಮೆರಿಕ, ಜಪಾನಿನ ಹೆಸರುಗಳೇ. ನಾನು ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ರಕ್ತ ಪರೀಕ್ಷೆ ಮಾಡುವವಳು. ಕೈಯಲ್ಲಿದ್ದದ್ದು ಇಸಳೂರಿನ ನಮ್ಮ ಪಕ್ಕದ ಮನೆಯ ಅಜ್ಜಿಯ ಚಿತ್ರ. "ಈ ಥರದ ಬೆಳಕು ಯಾರ ಹತ್ರ ಕಲ್ತಿದ್ದು ಜ್ಯೋತಿ?" ಎಂದು ಕಾಲೇಜಿನಲ್ಲಿ ಪಾಠ ಮಾಡುವ ಕಾವ್ಯಶ್ರೀ ಹುಬ್ಬೇರಿಸಿ ಕೇಳಿದಳು. ಬನವಾಸಿಯಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ ತೆಗೆಯುತ್ತಿದ್ದ ನನ್ನಪ್ಪ ಚಂದ್ರಶೇಖರಪ್ಪನವರ ಹತ್ತಿರ ಎನ್ನಬೇಕಿತ್ತು. ಬಾಯಿಗೆ ಬಂದದ್ದು, "ಹೆನ್ರಿಕ್ ಮಾಲೊಶ್. ಪೋಲೆಂಡಿನವರು."

ಅಂಥವರು ಯಾರೂ ಇಲ್ಲ. ಆದರೆ ಅಲ್ಲಿದ್ದವರಲ್ಲಿ ಒಬ್ಬರೂ ಗೊತ್ತಿಲ್ಲ ಎನ್ನಲಿಲ್ಲ. ಕಾವ್ಯಶ್ರೀಯಂತೂ ಅವರದೊಂದು ಪುಸ್ತಕ ನೋಡಿದ ನೆನಪು ಎಂದುಬಿಟ್ಟಳು. ತ್ಯಾಗಲಿಯ ಉಲ್ಲಾಸ ಮಾತ್ರ ಪ್ರಾಮಾಣಿಕ. ಅವನು ಮೊಬೈಲಿನಲ್ಲಿ ಹುಡುಕಿ, ಎಲ್ಲೂ ಸಿಗಲಿಲ್ಲ ಎಂದ. ಅವರು ಹಳ್ಳಿಯಲ್ಲೇ ಇದ್ದವರು, ಪ್ರಚಾರ ಬೇಡ ಎನ್ನುವವರು ಎಂದೆ. ಅದರಿಂದ ಮಾಲೊಶ್ ಮೇಲಿನ ಗೌರವ ಇನ್ನಷ್ಟು ಹೆಚ್ಚಿತು.

ಹೆಸರು ಸುಳ್ಳು, ಆದರೆ ಅವರ ಕೆಲಸವೆಂದು ಹೇಳಿದ್ದೆಲ್ಲ ನಿಜ. ವಯಸ್ಸಾದವರ ಮುಖಕ್ಕೆ ಅಪ್ಪ ಫ್ಲ್ಯಾಶ್ ಹೊಡೆಯುತ್ತಿರಲಿಲ್ಲ. ಬಾಗಿಲ ಪಕ್ಕ ಕೂರಿಸಿ, ಬೆಳಕು ತಿರುಗಿ ಮುಖದ ಮೇಲೆ ಬೀಳಲೆಂದು, ನೆರಳಿರುವ ಕಡೆ ತಮ್ಮ ಬಿಳಿ ಪಂಚೆಯನ್ನು ನನ್ನ ಕೈಯಲ್ಲಿ ಅಗಲಿಸಿ ಹಿಡಿಸುತ್ತಿದ್ದರು. ಕೂತವರ ಮುಂದೆ ಮೊರದಲ್ಲಿ ಅಕ್ಕಿ ಇಟ್ಟು ಕಲ್ಲು ಆರಿಸಲು ಹೇಳುತ್ತಿದ್ದರು. ಕೈಗೆ ಕೆಲಸ ಸಿಕ್ಕರೆ ಮುಖ ಕ್ಯಾಮೆರಾವನ್ನು ಮರೆಯುತ್ತದೆ ಎನ್ನುತ್ತಿದ್ದರು. ಕೂಟದಲ್ಲಿ ಹೇಳುವಾಗ ನಾನು ಪಂಚೆಯನ್ನು ಮೇಜಿನ ಬಟ್ಟೆ ಮಾಡಿದೆ, ಅಕ್ಕಿಯನ್ನು ಬಟಾಣಿ ಮಾಡಿದೆ. ಪೋಲೆಂಡಿನಲ್ಲಿ ಮೊರ ಎಲ್ಲಿಂದ ತರಲಿ?

ಕಳೆದ ಭಾನುವಾರ ನಾನು ಮೆಟ್ಟಿಲು ಹತ್ತಿ ಹೋದರೆ ಅಪ್ಪ ಕೋಣೆಯಲ್ಲಿ ಕೂತಿದ್ದಾರೆ! ಹಳೆಯ ಸ್ಟುಡಿಯೋದವರನ್ನು ಕರೆಸಬೇಕು ಎನ್ನುತ್ತಿದ್ದ ಉಲ್ಲಾಸ, ಯಾರ ಅಪ್ಪ ಎಂದು ತಿಳಿಯದೆಯೇ ಬನವಾಸಿಗೆ ಫೋನ್ ಮಾಡಿದ್ದ. ಮಗಳ ಕೂಟವೆಂದು ಅಪ್ಪನಿಗೆ ಗೊತ್ತಾಗಿ, ನನಗೆ ಖುಷಿಯಾಗಲಿ ಎಂದು ಹೇಳದೆ ಬಂದಿದ್ದರು. ಇಸ್ತ್ರಿ ಮಾಡಿದ ಅಂಗಿ ಹಾಕಿದ್ದರು.

"ಇಕಿ ನನ್ನ ಮಗಳ್ರಿ," ಎಂದರು.

"ಎಂತ ಜ್ಯೋತಿ, ಒಂದು ಮಾತೂ ಹೇಳ್ಲಿಲ್ಲ ನೀನು!" ಎಂದು ಉಲ್ಲಾಸ ಕುಣಿದಾಡಿಬಿಟ್ಟ.

ಮೊದಲ ಸರದಿ ಅವನದೇ. ಚಿತ್ರದಲ್ಲಿ ಅವನ ತಾಯಿ ಬಾಗಿಲ ಪಕ್ಕ ತಲೆ ತಗ್ಗಿಸಿ ಬಟಾಣಿ ಬಿಡಿಸುತ್ತಿದ್ದರು. ಕೆನ್ನೆಯ ಸುಕ್ಕುಗಳ ಮೇಲೆ ತೆಳ್ಳಗಿನ ಬೆಳಕು.

"ಇದು ಪೋಲೆಂಡಿನ ಗುರುಗಳ ಕ್ರಮ ಕಾಕಾ. ನಿಮ್ಮ ಮಗಳೇ ಕಲಿಸಿದ್ದು. ಎದುರಿಗೆ ಬಿಳಿ ಬಟ್ಟೆ ಹಿಡೀಬೇಕು, ಕೈಗೆ ಬಟಾಣಿ ಕೊಡ್ಬೇಕು. ಅದಕ್ಕೆ ಅಂತ್ಲೇ ಪೇಟೆಯಿಂದ ಎರಡು ಕಿಲೋ ತಂದಿದ್ದೆ," ಎಂದ.

ಅಪ್ಪ ಎದ್ದು ಹತ್ತಿರ ಹೋಗಿ, ಕನ್ನಡಕ ಮೇಲೇರಿಸಿ ನೋಡಿದರು. ತುಂಬ ಹೊತ್ತು ನೋಡಿದರು.

"ಭಾಳ ಛಲೋ ಬಂದೈತ್ರಿ. ನಾವು ಅಕ್ಕಿ ಆರಸಾಕ ಹಚ್ಚತಿದ್ವಿ. ನಮ್ಮ ಕಡೆ ಬಟಾಣಿ ಎಲ್ಲಿ ಸಿಗತಿತ್ತು?" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಆ ಸಾಹೇಬ್ರು ಇನ್ನೂ ಅದಾರೇನವಾ?"

ಅವರಿಗೆ ಎಲ್ಲ ತಿಳಿದಿತ್ತು. ತಿಳಿದೂ, ನಾಲ್ಕು ಜನರ ಮುಂದೆ ಮಗಳ ಮಾನ ಹೋಗದಿರಲಿ ಎಂದು ನನಗೆ ದಾರಿ ಬಿಟ್ಟುಕೊಟ್ಟಿದ್ದರು. ತೀರಿಕೊಂಡರು ಎಂದಿದ್ದರೆ ಮಾಲೊಶ್ ಅಲ್ಲಿಗೇ ಮುಗಿಯುತ್ತಿದ್ದರು. ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ಆದರೆ ಅಪ್ಪನ ಕೆಲಸ ಎಂದೆಂದಿಗೂ ಪೋಲೆಂಡಿನವರದೇ ಆಗಿ ಉಳಿಯುತ್ತಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು.

"ಅದಾರಪ್ಪಾ," ಎಂದೆ. "ಇಲ್ಲೇ ನಿಂತಾರ."

ಉಲ್ಲಾಸನಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳಿದೆ, ಹೆಸರು ಹುಟ್ಟಿಸಿದ್ದರಿಂದ ಹಿಡಿದು ಪಂಚೆಯವರೆಗೆ. ಕಾವ್ಯಶ್ರೀ ತನ್ನ ಬ್ಯಾಗಿನಲ್ಲಿ ಏನೋ ಹುಡುಕತೊಡಗಿದಳು. ಉಲ್ಲಾಸನ ಮುಖ ಸಣ್ಣದಾಯಿತು. ಅವನೊಬ್ಬನ ಮುಂದಾದರೂ ಮೊದಲೇ ಹೇಳಬಹುದಿತ್ತು.

"ಸುಳ್ಳು ಹೇಳಿದ್ದಕ್ಕ ಸಿಟ್ಟಿಲ್ಲ," ಎಂದರು ಅಪ್ಪ ಮೆತ್ತಗೆ. "ನನ್ನ ಹೆಸರು ಹೇಳಾಕ ನಾಚಿಕಿ ಬಂತಾ ಜ್ಯೋತಿ?"

ಇಲ್ಲ ಎನ್ನಲು ನಾಲಿಗೆ ತಯಾರಾಗಿತ್ತು. ಇಷ್ಟು ದಿನ ಅದಕ್ಕೆ ಅಭ್ಯಾಸವಾಗಿತ್ತಲ್ಲ.

"ಹೂಂ ಅಪ್ಪಾ. ಬಂದಿತ್ತು."

ಅಪ್ಪ ತಲೆಯಾಡಿಸಿದರು. ನನ್ನ ಕಡೆ ಮತ್ತೆ ನೋಡಲಿಲ್ಲ. ಉಲ್ಲಾಸನ ಭುಜದ ಮೇಲೆ ಕೈಯಿಟ್ಟು ಅವನನ್ನು ಹಗ್ಗದ ಹತ್ತಿರ ಕರೆದುಕೊಂಡು ಹೋಗಿ, ಬಟ್ಟೆಯನ್ನು ಇನ್ನೊಂದು ಗೇಣು ಹಿಂದೆ ಹಿಡಿದಿದ್ದರೆ ತಾಯಿಯ ಕಣ್ಣು ಇನ್ನೂ ಚೆನ್ನಾಗಿ ಕಾಣುತ್ತಿತ್ತು ಎಂದು ಹೇಳಿಕೊಡತೊಡಗಿದರು.