ಎಲ್ಲರ ನೆಟ್ಟು, ಒಬ್ಬಳ ಕರೆ

ಶಾಲಾ ಪುಸ್ತಕಗಳಿಗೆ ನಕ್ಷೆ ಮಾಡಿಕೊಡುವ ಆ ಕಚೇರಿಯಲ್ಲಿ ಇದ್ದವರು ನಾಲ್ಕೇ ಜನ. ನದಿ, ಬೆಟ್ಟ, ಗಡಿಗಳ ಗೆರೆ ಎಳೆಯುವುದು ನಕ್ಷೆಯವಳ ಕೆಲಸ. ಬಣ್ಣ ತುಂಬುವವನಿಗೆ ಗಡಿಬಿಡಿ ಎಂದೇ ಹೆಸರು ಬಿದ್ದಿತ್ತು. ಅವಸರದಲ್ಲಿ ಒಮ್ಮೆ ಸಮುದ್ರಕ್ಕೆ ಹಸಿರು ಬಳಿದು ಕಾಡು ಮಾಡಿದವನು ಅವನು. ಊರುಗಳ ಹೆಸರು ಒಂದರ ಮೇಲೊಂದು ಬೀಳದಂತೆ ಕೂರಿಸುವ ಹಿರಿಯರನ್ನು ಎಲ್ಲರೂ ಮೇಷ್ಟ್ರೇ ಎನ್ನುತ್ತಿದ್ದರು. ಕಚೇರಿ ನಡೆಸುತ್ತಿದ್ದವರು ದೊಡ್ಡಕ್ಕ. ಪೆನ್ಸಿಲು ಹಿಡಿಯುವುದರಿಂದ ಹಿಡಿದು ನಕ್ಷೆಯವಳಿಗೆ ಕೆಲಸವನ್ನೆಲ್ಲ ಕಲಿಸಿದ್ದು ಅವರೇ.

ಅಂಥ ದೊಡ್ಡಕ್ಕನಿಗೆ ಹೇಳದೆ ನಕ್ಷೆಯವಳು ಬೇರೆ ಕೆಲಸ ಹುಡುಕುತ್ತಿದ್ದಳು. ಸಂಬಳದ ಆಸೆಗಲ್ಲ. ತನ್ನ ಮಗಳನ್ನು ಶಾಲೆಯಿಂದ ಮನೆಗೆ ಕರೆತರುತ್ತಿದ್ದ ಒಡಹುಟ್ಟಿದ ಅಕ್ಕನಿಗೆ ದೂರದ ಊರಿಗೆ ವರ್ಗವಾಗಿತ್ತು. ಗಂಡನ ಕೆಲಸ ಲಾರಿಯ ಮೇಲೆ, ವಾರಕ್ಕೊಮ್ಮೆ ಮನೆ ಕಂಡರೆ ಹೆಚ್ಚು. ಹೀಗಾಗಿ ಶಾಲೆ ಬಿಟ್ಟ ಮೇಲೂ ಹುಡುಗಿ ತಾಯಿ ಬರುವ ತನಕ ಶಾಲೆಯ ಆಫೀಸಿನಲ್ಲೇ ಕೂತಿರಬೇಕಾಗಿತ್ತು. ಬೇರೊಂದು ಕಂಪನಿಯಲ್ಲಿ ಮನೆಯಿಂದಲೇ ಮಾಡಬಹುದಾದ ಕೆಲಸವೊಂದು ಕಣ್ಣಿಗೆ ಬಿದ್ದಾಗ ಅರ್ಜಿ ಹಾಕಿದಳು. ಮಾತುಕತೆಗೆಂದು ಹಲ್ಲುನೋವಿನ ನೆಪ ಹೇಳಿ ಮೂರು ಸಲ ರಜೆ ಹಾಕಿದಳು. ಆ ಹಳೆಯ ಕಟ್ಟಡದ ದಪ್ಪ ಗೋಡೆಗಳೊಳಗೆ ಯಾರ ಫೋನಿಗೂ ಸಿಗ್ನಲ್ ಸಿಗುತ್ತಿರಲಿಲ್ಲ. ಹಾಗಾಗಿ ಅಲ್ಲಿ ಸಿಗ್ನಲ್ ಸಿಗುವ ಬೇರೆ ಮೊಬೈಲ್ ಕಂಪನಿಯ ಸಿಮ್ ತಂದು ತನ್ನ ಲ್ಯಾಪ್‌ಟಾಪಿಗೇ ಹಾಕಿಕೊಂಡಿದ್ದಳು.

ಕೊನೆಯ ಸಂದರ್ಶನ ಅಂದು ಹನ್ನೊಂದಕ್ಕೆ, ವಿಡಿಯೋ ಕರೆಯಲ್ಲಿ. ಮಹಡಿ ಮೆಟ್ಟಿಲ ಮೇಲೆ ಕೂತು ಸದ್ದಿಲ್ಲದೆ ಮುಗಿಸುವುದೆಂದು ಲೆಕ್ಕ ಹಾಕಿದ್ದಳು. ಆದರೆ ಬೆಳಿಗ್ಗೆಯೇ ಬೀದಿ ಅಗೆಯುತ್ತಿದ್ದ ಯಂತ್ರ ಕೇಬಲನ್ನು ಕಿತ್ತುಹಾಕಿತು. ಕಚೇರಿಯ ಇಂಟರ್ನೆಟ್ ಸತ್ತಿತು. ಇಡೀ ಪುಸ್ತಕದ ನಕ್ಷೆಗಳು ಮಧ್ಯಾಹ್ನ ಹನ್ನೆರಡರೊಳಗೆ ಮುದ್ರಣಾಲಯ ಸೇರಬೇಕಿತ್ತು. ತಪ್ಪಿದರೆ ಮುದ್ರಣ ಯಂತ್ರದ ಸರದಿ ಇನ್ನೊಬ್ಬರ ಪಾಲು. ಗಡಿಬಿಡಿ ಫೋನನ್ನು ಮೇಲೆತ್ತಿ ಹಿಡಿದು ಕೋಣೆಯ ಮೂಲೆ ಮೂಲೆ ಸುತ್ತಿದ. ಮೇಷ್ಟ್ರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಆಮೇಲೆ ಮೂವರೂ ಅವಳ ಲ್ಯಾಪ್‌ಟಾಪಿನ ಕಡೆ ನೋಡಿದರು. ಅದರಲ್ಲಿ ಬೇರೆ ಸಿಮ್ ಇರುವುದು ಎಲ್ಲರಿಗೂ ಗೊತ್ತಿತ್ತು.

ಅವಳಿಗೆ ಅತ್ತ ದರಿ, ಇತ್ತ ಪುಲಿ. ಇಲ್ಲವೆನ್ನಲು ಬಾಯಿ ಬರಲಿಲ್ಲ. ಆ ನಕ್ಷೆಗಳಲ್ಲಿ ತನ್ನದೇ ಎರಡು ತಿಂಗಳ ಕಣ್ಣುರಿ ಇತ್ತು. ಹನ್ನೊಂದರೊಳಗೆ ಮುಗಿದೀತೆಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಹಾಟ್‌ಸ್ಪಾಟ್ ಆನ್ ಮಾಡಿದಳು, ಪಾಸ್‌ವರ್ಡನ್ನು ಎಲ್ಲರಿಗೂ ಹೇಳಿದಳು. ಸಿಗ್ನಲ್ ಚೆನ್ನಾಗಿ ಸಿಗುವುದು ಕಿಟಕಿಯ ಹತ್ತಿರ ಮಾತ್ರ ಎಂದು ಗಡಿಬಿಡಿ ಲ್ಯಾಪ್‌ಟಾಪನ್ನು ಅಲ್ಲಿಟ್ಟು, ಯಾರೂ ಅದನ್ನು ಅಲುಗಾಡಿಸಕೂಡದೆಂದು ಅಪ್ಪಣೆ ಮಾಡಿದ.

ನಕ್ಷೆಗಳು ಭಾರದ ಫೈಲುಗಳು, ಒಂದೊಂದೂ ತೆವಳುತ್ತಾ ಹೋಗುತ್ತಿತ್ತು. ಹತ್ತೂವರೆಗೆ ಅರ್ಧ ಕೂಡ ಮುಗಿದಿರಲಿಲ್ಲ. ಸಮಯ ಮುಂದೂಡಲು ಸಾಧ್ಯವೇ ಎಂದು ಅವಳು ಆ ಕಂಪನಿಗೆ ಮೇಲ್ ಬರೆದಳು, ಉತ್ತರ ಬರಲಿಲ್ಲ. ಕಚೇರಿ ಅವಳ ಉಪಕಾರಕ್ಕೆ ಋಣಿ ಎಂದು ಮೇಷ್ಟ್ರು ಹೊಗಳಿದಾಗಲಂತೂ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ಸರಿಯಾಗಿ ಹನ್ನೊಂದಕ್ಕೆ ಲ್ಯಾಪ್‌ಟಾಪ್ ಬಡಿದುಕೊಳ್ಳತೊಡಗಿತು. ಪರದೆಯ ತುಂಬ ಆ ಕಂಪನಿಯ ಹೆಸರು, ಕೆಳಗೆ ‘ಅಂತಿಮ ಸಂದರ್ಶನ’. ಅವಳು ಏಳುವಷ್ಟರಲ್ಲಿ, ಕಿಟಕಿಯ ಪಕ್ಕದಲ್ಲೇ ನಿಂತಿದ್ದ ದೊಡ್ಡಕ್ಕ ಅದನ್ನು ಓದಿಬಿಟ್ಟಿದ್ದರು. ಗಡಿಬಿಡಿಯೂ ಇಣುಕಿದ್ದ.

“ತಗೋ, ಕಾಯ್ತಿದ್ದಾರೆ,” ಅಂದರು ದೊಡ್ಡಕ್ಕ. ಆಮೇಲೆ ಉಳಿದಿಬ್ಬರ ಕಡೆ ತಿರುಗಿ, “ಕಳಿಸೋದನ್ನ ಸ್ವಲ್ಪ ನಿಲ್ಸಿ. ಇಲ್ದಿದ್ರೆ ಇವಳ ಮಾತು ತುಂಡು ತುಂಡಾಗುತ್ತೆ. ಎಲ್ರೂ ಆಚೆ ನಡೀರಿ,” ಎಂದರು.

ಹನ್ನೆರಡರ ಗಡುವು ತಲೆಯ ಮೇಲಿರುವಾಗ ಮೂವರೂ ಕೆಲಸ ನಿಲ್ಲಿಸಿ ಹೊರಗೆ ಹೋದರು. ಮೇಷ್ಟ್ರು ಬಾಗಿಲು ಮುಚ್ಚಿಕೊಂಡರು. ಅದರ ಮಸುಕು ಗಾಜಿನ ಆಚೆ ಮೂರು ನೆರಳು ಕಾಣುತ್ತಿದ್ದವು.

ಕರೆಯ ಆ ಕಡೆ ನಯವಾಗಿ ಮಾತಾಡುವ ಹೆಂಗಸೊಬ್ಬಳು ಈಗಿರುವ ಕೆಲಸ ಏಕೆ ಬಿಡುತ್ತೀರೆಂದು ಕೇಳಿದಳು. ನಕ್ಷೆಯವಳು ಅದಕ್ಕೆ ಚಂದದ ಉತ್ತರವೊಂದನ್ನು ಬಾಯಿಪಾಠ ಮಾಡಿಟ್ಟಿದ್ದಳು. ಗಾಜಿನಾಚೆಯ ನೆರಳುಗಳನ್ನು ನೋಡಿದ ಮೇಲೆ ಅದು ಹೊರಡಲಿಲ್ಲ.

“ಬಿಡೋಕೆ ಮನಸ್ಸಿಲ್ಲ,” ಅಂದಳು. “ಶಾಲೆ ಬಿಡೋ ಹೊತ್ತಿಗೆ ಮಗಳ ಹತ್ರ ಇರಬೇಕು, ಅಷ್ಟೇ.”

“ಅಲ್ಲೇ ಕೇಳಿ ನೋಡಿದ್ರಾ?”

“ಇಲ್ಲ.”

ಆ ಹೆಂಗಸು ನಕ್ಕಳು, ಆದರೆ ಅದರಲ್ಲಿ ಕುಹಕವಿರಲಿಲ್ಲ. ಇನ್ನೂ ನಾಲ್ಕು ಪ್ರಶ್ನೆ ಕೇಳಿ, ತೀರ್ಮಾನವನ್ನು ಮುಂದಿನ ವಾರ ತಿಳಿಸುವುದಾಗಿ ಹೇಳಿದಳು.

ನಕ್ಷೆಯವಳು ಬಾಗಿಲು ತೆರೆದಾಗ ಗಡಿಬಿಡಿ ಕೇಳಿದ್ದು ಒಂದೇ, ಇನ್ನು ಕಳಿಸಬಹುದಾ ಎಂದು. ಎಲ್ಲರೂ ಓಡಿ ಕೂತರು. ಮೇಷ್ಟ್ರು ಹೆಸರುಗಳನ್ನು ಕೊನೆಯ ಸಲ ನೋಡಿ ಕೊಡುತ್ತಿದ್ದರು, ಗಡಿಬಿಡಿ ಒಂದೊಂದಾಗಿ ಏರಿಸುತ್ತಿದ್ದ, ಅವಳು ಸಿಗ್ನಲ್ ಕುಂದಿದಾಗಲೆಲ್ಲ ಲ್ಯಾಪ್‌ಟಾಪನ್ನು ಕಿಟಕಿಯಾಚೆಗೆ ಎತ್ತಿ ಹಿಡಿಯುತ್ತಿದ್ದಳು. ಕೊನೆಯ ನಕ್ಷೆ ಹೋದಾಗ ಗಡಿಯಾರದ ಮುಳ್ಳು ಇನ್ನೇನು ಹನ್ನೆರಡಕ್ಕೆ ತಾಗುವುದರಲ್ಲಿತ್ತು. ಎಲ್ಲವೂ ತಲುಪಿತು ಎಂದು ಮುದ್ರಣಾಲಯದಿಂದ ಒಂದು ಸಾಲು ಬಂದಾಗ ನಾಲ್ವರಿಗೂ ಹೋದ ಜೀವ ಬಂದಂತಾಯಿತು. ಗಡಿಬಿಡಿ ನೆಲದ ಮೇಲೇ ಕಾಲು ಚಾಚಿ ಕೂತ.

ದೊಡ್ಡಕ್ಕ ಅವಳ ಎದುರು ಕುರ್ಚಿ ಎಳೆದುಕೊಂಡರು.

“ಅಲ್ವೇ, ಹಲ್ಲುನೋವು ಅಂತ ಮೂರು ಸಲ ರಜೆ ಹಾಕ್ದೆ. ನಾನು ಪಾಪ ಅಂತ ನಮ್ಮ ಡಾಕ್ಟ್ರ ನಂಬರ್ ಹುಡುಕ್ತಾ ಕೂತಿದ್ದೆ.”

ನಕ್ಷೆಯವಳಿಗೆ ನಗು ಬಂತು, ಅದರ ಹಿಂದೆಯೇ ಅಳುವೂ. ಮುಚ್ಚಿಟ್ಟದ್ದನ್ನೆಲ್ಲ ಒಂದೇ ಉಸಿರಿಗೆ ಹೇಳಿಕೊಂಡಳು. ಅಕ್ಕನಿಗೆ ವರ್ಗವಾದದ್ದು, ಮಗಳು ಕಾಯುವುದು, ಕಲಿಸಿದವರ ಮುಂದೆ ಹೊತ್ತಿಗೆ ಮುಂಚೆ ಹೊರಡುತ್ತೇನೆಂದು ಕೇಳಲು ನಾಚಿಕೆಯಾದದ್ದು. ಹೇಳುತ್ತ ಹೇಳುತ್ತ ಹೆಗಲ ಮೇಲಿಂದ ಮೂಟೆ ಇಳಿಸಿದಂತಾಯಿತು.

“ಹೋಗ್ತೀನಿ ಅಂದಿದ್ರೂ ಬೇಜಾರಿರ್ಲಿಲ್ಲ,” ಅಂದರು ದೊಡ್ಡಕ್ಕ. “ಕೇಳ್ದೆ ಒಬ್ಳೇ ಕೊರಗಿದ್ಯಲ್ಲ, ಅದಕ್ಕೆ ಬೈಬೇಕು ನಿನ್ನ. ಗೆರೆ ಎಳೆಯೋಕೆ ಈ ಮೇಜೇ ಆಗ್ಬೇಕಾ? ಮಧ್ಯಾಹ್ನದ ಮೇಲೆ ಮನೇಲಿ ಕೂತು ಮಾಡು.”

ಮೇಷ್ಟ್ರು ತಮ್ಮ ಪರದೆಯಿಂದ ತಲೆ ಎತ್ತದೆಯೇ, ಅಂದಿನಿಂದಲೇ ಶುರುಮಾಡಲಿ ಎಂದು ಸೇರಿಸಿದರು.

ಆ ಇನ್ನೊಂದು ಕಂಪನಿಗೆ ಅವಳು ಅಲ್ಲೇ ಕೂತು, ಬರಲಾಗುವುದಿಲ್ಲವೆಂದು ಕ್ಷಮೆ ಕೇಳಿ ಬರೆದಳು. ನಿರ್ಧಾರ ಸರಿಯೋ ತಪ್ಪೋ ಎಂದು ಒಂದು ಕ್ಷಣ ಬೆರಳು ತಡೆಯಿತು, ಆಮೇಲೆ ಕಳಿಸಿಬಿಟ್ಟಳು.

ಶಾಲೆಯ ಗೇಟಿನ ಬಳಿ ಅವಳು ತಲುಪಿದಾಗ ಗಂಟೆ ಆಗಷ್ಟೇ ಬಾರಿಸಿತ್ತು. ಮಕ್ಕಳ ಗುಂಪಿನ ಹಿಂದೆ ಮಗಳು ಬಂದಳು. ಬೀದಿಯ ಕಡೆ ಕಣ್ಣೆತ್ತಿಯೂ ನೋಡದೆ, ರೂಢಿಯಂತೆ ಆಫೀಸಿನ ಕಡೆಗೇ ತಿರುಗಿದಳು. ತಾಯಿ ಕೂಗಿದಳು. ಹುಡುಗಿ ನಿಂತಳು, ತಿರುಗಿ ನೋಡಿದಳು, ಏನೂ ಕೇಳದೆ ಓಡಿಬಂದು ಚೀಲವನ್ನು ಅವಳ ಕೈಗೆ ತುರುಕಿದಳು.